ಬುತ್ತಿ ಕಟ್ಟಿಕೊಂಡು ಗುಡ್ಡಕ್ಕೆ

ಕೊಪ್ಪಳಕ್ಕೆ ವರ್ಗವಾಗಿ ಬಂದ ನೌಕರರ ಮನೆಯಲ್ಲಿ ಮೊದಲ ಭಾನುವಾರವೇ ಏಳುವ ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಹೋಗಲು ಇಲ್ಲಿ ದೊಡ್ಡ ಪಾರ್ಕ್ ಎಲ್ಲಿದೆ? ನೆರೆಮನೆಯವರ ಉತ್ತರವೂ ಸಿದ್ಧವಾಗಿಯೇ ಇರುತ್ತದೆ. “ಅಂಥಾದ್ದು ಇಲ್ಲೇನೂ ಇಲ್ರಿ. ಡ್ಯಾಮಿಗೆ ಹೋಗಿ ಬರ್ರಿ.” ಬೆಂಗಳೂರಿನ ಕಬ್ಬನ್ ಪಾರ್ಕಿನಂಥ ಮರಗಳ ಸಾಲು, ಮೈಸೂರಿನ ಕುಕ್ಕರಹಳ್ಳಿ ಕೆರೆಯ ಸುತ್ತಿನಂಥ ನಡಿಗೆಯ ಹಾದಿ ನಮ್ಮ ಕಡೆ ಇಲ್ಲ ಎಂಬುದು ಎಲ್ಲರೂ ಒಪ್ಪಿಕೊಂಡುಬಿಟ್ಟ ಮಾತು.

ನಾನು ಇದನ್ನು ಒಪ್ಪುವುದಿಲ್ಲ. ಊರ ನಡುವೆಯೇ ಗುಡ್ಡ, ಗುಡ್ಡದ ನೆತ್ತಿಯಲ್ಲಿ ಎರಡು ಸಾವಿರ ವರ್ಷ ದಾಟಿದ ಬರಹ, ಪಕ್ಕದಲ್ಲಿ ಕೋಟೆ, ಬುಡದಲ್ಲಿ ಕೆರೆ. ಅಲ್ಲಿಂದ ಪೂರ್ವಕ್ಕೆ ಗಂಗಾವತಿ, ಆನೆಗೊಂದಿಯವರೆಗೆ ಒಂದರ ಮೇಲೊಂದು ಪೇರಿಸಿದ ಬಂಡೆಗಳ ಸೀಮೆ. ಹತ್ತುವವರಿಗೆ ಹಾದಿ ಇದೆ, ಸೈಕಲ್ ತುಳಿಯುವವರಿಗೆ ಕಾಲುವೆ ಬದಿಯ ರಸ್ತೆ ಇದೆ, ಮಕ್ಕಳಿಗೆ ನೀರು, ಕಲ್ಲು, ಕೋತಿ, ಹಕ್ಕಿ ಎಲ್ಲ ಇವೆ. ಯಾವ ನಗರ ಯೋಜನಾ ಪ್ರಾಧಿಕಾರವೂ ನಕ್ಷೆ ಹಾಕಿ ಕಟ್ಟಲಾರದಂಥ ಉದ್ಯಾನ ಇದು. ಇದನ್ನು ಉದ್ಯಾನವೆಂದು ಕಂಡು ಜೋಪಾನ ಮಾಡುವ ಕೆಲಸವೊಂದು ಬಾಕಿ ಇದೆ.

ಈ ಬಂಡೆಗಳ ವಯಸ್ಸು ಕೇಳಿದರೆ ಮಕ್ಕಳು ಬೆರಗಾಗುತ್ತಾರೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿಯ ಉತ್ತರದ ತುದಿ ನಮ್ಮ ಭಾಗಕ್ಕೆ ಬರುತ್ತದೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು. ಅಲ್ಲಿನ ಬೆಟ್ಟಗಳೂ ಗಂಗಾವತಿಯ ಗುಡ್ಡಗಳೂ ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಗಟ್ಟಿಯಾದ ಒಂದೇ ಕಲ್ಲಿನ ಬಳಗ. ಮೇಲಿನ ಮಣ್ಣು ಸವೆದು, ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಉದುರಿ ಈ ಗುಂಡುಗಳು ಹೊರಬಿದ್ದವು. ಯಾರೋ ತಂದು ಇಟ್ಟಂತೆ ಕಂಡರೂ ಅವು ಇದ್ದಲ್ಲೇ ರೂಪುಗೊಂಡವು.

ಮೊದಲು ಪಟ್ಟಣದ ಮಾತು. ಬೆಳಗಿನ ಜಾವ ಗವಿಮಠದ ಆವರಣಕ್ಕೆ ಹೋದರೆ ನಡೆಯಲು ಬಂದವರು ಕಾಣುತ್ತಾರೆ. ಸೆರಗು ಬಿಗಿದು ಬಿರಬಿರನೆ ನಡೆಯುವ ಅಕ್ಕಂದಿರು, ಕಟ್ಟೆಯ ಮೇಲೆ ಕುಳಿತು ಊರ ಸುದ್ದಿ ಹಂಚಿಕೊಳ್ಳುವ ನಿವೃತ್ತರು, ಪೊಲೀಸ್ ನೇಮಕಾತಿಗೆಂದು ಓಡುವ ಹುಡುಗರು. ಪುಷ್ಯ ಮಾಸದ ಜಾತ್ರೆಯಲ್ಲಿ ಲಕ್ಷಾಂತರ ಜನ ಸೇರುವ ಈ ಜಾಗ ಉಳಿದ ದಿನಗಳಲ್ಲಿ ಊರಿನ ಅಂಗಳವಾಗಿರುತ್ತದೆ. ಇಲ್ಲಿಂದ ಗುಡ್ಡ ಏರಿದರೆ ಅಶೋಕನ ಶಾಸನ. ಪಾಲ್ಕಿಗುಂಡಿನ ಮೇಲೆ ಇನ್ನೊಂದು. ಅಲ್ಲಿ ದೊಡ್ಡ ಬಂಡೆಯೊಂದು ಪಲ್ಲಕ್ಕಿಯ ಚಾವಣಿಯಂತೆ ಇತರ ಬಂಡೆಗಳ ಮೇಲೆ ಕುಳಿತಿದೆ, ಹೆಸರು ಬಂದದ್ದು ಅದರಿಂದ. ಎರಡೂ ಬ್ರಾಹ್ಮಿ ಲಿಪಿಯಲ್ಲಿವೆ, ಭಾಷೆ ಪ್ರಾಕೃತ. 1931ರಲ್ಲಿ ಇವು ಬೆಳಕಿಗೆ ಬಂದವು. ಮರುವರ್ಷವೇ ಆರ್.ಎಲ್. ಟರ್ನರ್ ಇವನ್ನು ಓದಿ ಹೈದರಾಬಾದ್ ಸಂಸ್ಥಾನದ ಪುರಾತತ್ವ ಮಾಲೆಯಲ್ಲಿ ಪ್ರಕಟಿಸಿದರು. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಪ್ರಯತ್ನದಿಂದ ಉನ್ನತವಾದದ್ದು ದಕ್ಕುತ್ತದೆ ಎಂಬುದು ಆ ಶಾಸನದ ತಿರುಳು. ಏದುಸಿರು ಬಿಡುತ್ತ ಮೇಲೆ ಬಂದ ಹತ್ತು ವರ್ಷದ ಮಗುವನ್ನು ಆ ಕಲ್ಲಿನ ಮುಂದೆ ನಿಲ್ಲಿಸಿ ಈ ಮಾತು ಹೇಳಬೇಕು. ಶಾಲೆಯ ಪುಸ್ತಕದಲ್ಲಿ ಓದಿದ ಅಶೋಕ ಆಗ ನಮ್ಮೂರಿನವನಾಗುತ್ತಾನೆ.

ಪಾಲ್ಕಿಗುಂಡಿನ ಬಳಿಯೇ ಕಲ್ಲಿನಲ್ಲಿ ಕಡೆದ ಎರಡು ಪಾದಗಳಿವೆ. ಸಂಸ್ಕೃತದಲ್ಲಿ ‘ವರಾಂಗಚರಿತ’ ಬರೆದ ಜಟಾಸಿಂಹನಂದಿ ಆಚಾರ್ಯರ ಪಾದಗಳಿವು ಎಂದು ಜೊತೆಗಿರುವ ಕನ್ನಡ ಬರಹ ಹೇಳುತ್ತದೆ. ಆಗ ಈ ಊರು ಕೊಪಣ. ಜೈನರಿಗೆ ಮಹಾತೀರ್ಥ. ತಿರುಳ್ಗನ್ನಡದ ಸೀಮೆಯನ್ನು ಗುರುತಿಸುವಾಗ ‘ಕವಿರಾಜಮಾರ್ಗ’ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು. ನಡುವಯಸ್ಸಿನವರು ಅರ್ಧ ಗಂಟೆಯಲ್ಲಿ ಏರಬಹುದಾದ ಗುಡ್ಡದ ಮೇಲೆ ಇಷ್ಟೆಲ್ಲ ಇದೆ. ಆದರೂ ಬಂಡೆಗಳ ಮೇಲೆ ಬಣ್ಣದಲ್ಲಿ ಬರೆದ ಹೆಸರುಗಳನ್ನೂ ಸಂದಿಗಳಲ್ಲಿ ಬಿದ್ದ ಬಾಟಲಿಗಳನ್ನೂ ನೋಡಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೋಟೆ ಇನ್ನೊಂದು ಬಗೆಯ ಏರು. ಮೇಲಿನ ಕೋಟೆ ಬಯಲಿನಿಂದ ಸುಮಾರು 400 ಅಡಿ ಎತ್ತರ. 1786ರಲ್ಲಿ ಪಾಳೆಯಗಾರನಿಂದ ಇದನ್ನು ಪಡೆದ ಟಿಪ್ಪು ಸುಲ್ತಾನ್ ಫ್ರೆಂಚ್ ಇಂಜಿನಿಯರುಗಳ ನೆರವಿನಿಂದ ಬಲಪಡಿಸಿದ. 1790ರಲ್ಲಿ ನಿಜಾಮ ಮತ್ತು ಕಂಪನಿಯ ಪಡೆಗಳು ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕಾದ ಮೇಲೆ ಮರುವರ್ಷ ಏಪ್ರಿಲಿನಲ್ಲಿ ಕೋಟೆ ಶರಣಾಯಿತು. 1858ರಲ್ಲಿ ಮುಂಡರಗಿ ಭೀಮರಾಯ, ಹಮ್ಮಿಗೆ ಕೆಂಚನಗೌಡರು ಬ್ರಿಟಿಷರ ಎದುರು ಹೋರಾಡಿ ಮಡಿದದ್ದೂ ಇದೇ ಕೋಟೆಯಲ್ಲಿ. ಮಳೆಗಾಲ ಮುಗಿದ ಹೊಸತರಲ್ಲಿ ಇಲ್ಲಿನ ಹುಲ್ಲು ಮೊಣಕಾಲು ಮುಟ್ಟುತ್ತದೆ, ಮೆಟ್ಟಿಲುಗಳ ಅಂಚು ಕಾಣುವುದಿಲ್ಲ. ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡು ಬರುವುದು ಒಳ್ಳೆಯದು.

ಆದರೆ ಚಾರಣ ಎಂಬುದರ ನಿಜವಾದ ರುಚಿ ಹತ್ತಬೇಕಾದರೆ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿಗೇ ಹೋಗಬೇಕು. ಕೊಪ್ಪಳ-ಗಂಗಾವತಿ ರಸ್ತೆಯಿಂದ ಊರಿಗೆ ತಿರುಗಿ, ಗಾಡಿ ಅಲ್ಲೇ ಬಿಟ್ಟು ನಡೆಯಬೇಕು. ಹೊಲಗಳು ಮುಗಿದ ಮೇಲೆ ಜಾಲಿ, ತುಗ್ಗಲಿ, ಕಾರಿ ಗಿಡಗಳ ನಡುವೆ ಕಲ್ಲಿನ ಹಾದಿ. ಎಡಬಲದ ಬಂಡೆಗಳ ಮಡಿಲಲ್ಲಿ ಕೆಂಪು ಬಣ್ಣದ ಚಿತ್ರಗಳು ಕಾಣಿಸುತ್ತವೆ. ಪ್ರಾಣಿಗಳು, ಬೇಟೆಗಾರರು, ಸಾಲಾಗಿ ಕುಣಿಯುವ ಜನ. ಗುರುತು ಗೊತ್ತಿಲ್ಲದವರು ಹಾದಿ ತಪ್ಪುವುದು ಸುಲಭ, ಊರಿನ ಹುಡುಗನೊಬ್ಬನನ್ನು ಜೊತೆಗೆ ಕರೆದುಕೊಂಡರೆ ಅವನಿಗೂ ನಾಲ್ಕು ಕಾಸು, ನಮಗೂ ಧೈರ್ಯ.

ಏರು ಮುಗಿದು ಬಯಲು ತೆರೆದಾಗ ಮೊದಲು ಯಾರೂ ಮಾತಾಡುವುದಿಲ್ಲ. ಕಲ್ಲಿನ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿದ ಮನೆಗಳು. ಕೆಲವು ಮೊಣಕಾಲಿನಷ್ಟೇ ಎತ್ತರ, ಕೆಲವು ಆಳು ಮೀರಿದವು. ಹಲವದರ ಎದುರು ಚಪ್ಪಡಿಯಲ್ಲಿ ದುಂಡನೆಯ ಕಂಡಿ. ಬೃಹತ್ ಶಿಲಾಯುಗದ ಜನ ಸತ್ತವರ ನೆನಪಿಗೆ ಕಟ್ಟಿದ ಇಂಥ ರಚನೆಗಳು ಇಲ್ಲಿ ಸುಮಾರು 400 ಇವೆ. ಇವುಗಳ ಕಾಲ ಕ್ರಿಸ್ತಪೂರ್ವ 800ರಿಂದ 200ರ ನಡುವೆ ಎಂದು ವಿದ್ವಾಂಸರು ಹೇಳುತ್ತಾರೆ. ಹತ್ತೊಂಬತ್ತನೇ ಶತಮಾನದಲ್ಲೇ ಫಿಲಿಪ್ ಮೆಡೋಸ್ ಟೇಲರ್ ಇದರ ಬಗ್ಗೆ ಬರೆದು ಹೊರಜಗತ್ತಿಗೆ ತಿಳಿಸಿದ್ದ. 2021ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಹಿರೇಬೆಣಕಲ್ ಸೇರಿತು. ಸುತ್ತಲಿನ ಹಳ್ಳಿಗರಿಗೆ ಮಾತ್ರ ಇವು ಮೊದಲಿನಿಂದಲೂ ಮೋರ್ಯರ ಮನೆಗಳು. ಮೋರ್ಯರು ಗಿಡ್ಡ ಜನ, ಅವರ ಅಳತೆಗೆ ಕಟ್ಟಿಕೊಂಡ ಮನೆಗಳಿವು ಎಂದು ಅಜ್ಜಂದಿರು ಹೇಳುತ್ತ ಬಂದಿದ್ದಾರೆ.

ಚಪ್ಪಡಿಗಳು ಎಲ್ಲಿಂದ ಬಂದವು ಎಂದು ಹುಡುಕುವುದೇ ಅಲ್ಲಿ ಮಕ್ಕಳಿಗೆ ಒಳ್ಳೆಯ ಆಟ. ಈ ಗ್ರಾನೈಟಿಗೆ ಪದರ ಪದರವಾಗಿ ಬಿಡುವ ಗುಣವಿದೆ. ಆ ಪದರಗಳನ್ನೇ ಎಬ್ಬಿಸಿ ಸಾಗಿಸಿದ್ದಾರೆ. ಕಲ್ಲು ತೆಗೆದ ತಗ್ಗಿನಲ್ಲಿ ನೀರು ನಿಂತು ಹೊಂಡವಾಗಿದೆ, ಇಂದಿಗೂ ಕುರಿಗಳು ಅಲ್ಲಿ ನೀರು ಕುಡಿಯುತ್ತವೆ. ಬಂಡೆಯ ತುದಿಯಲ್ಲಿ ಅರ್ಧಗೋಳದಂಥ ಒಂದು ಗುಂಡು ಇದೆ, ಅಗಲ ಎರಡು ಮೀಟರಿಗೂ ಹೆಚ್ಚು. ಅದೇ ಕಲ್ಲಿನ ನಗಾರಿ. ಬಡಿದರೆ ದನಿ ಒಂದು ಕಿಲೋಮೀಟರಿನಾಚೆಗೂ ಕೇಳಿಸುತ್ತದೆ ಎಂದು ಬಲ್ಲವರು ಬರೆದಿದ್ದಾರೆ. ಬಂದವರೆಲ್ಲ ಕಲ್ಲು ತೆಗೆದುಕೊಂಡು ಅದನ್ನು ಕುಟ್ಟಿ ಕುಟ್ಟಿ ನೋಡುವುದು ನಿಲ್ಲಬೇಕು. ಮೂರು ಸಾವಿರ ವರ್ಷಗಳ ಆಸುಪಾಸಿನ ಜಾಗದಲ್ಲಿ ನಮ್ಮ ಒಂದು ಮಧ್ಯಾಹ್ನದ ಕುತೂಹಲಕ್ಕೆ ಒಂದು ಚೂರೂ ಹೋಗಬಾರದು. ಅಂಗೈಯಿಂದ ತಟ್ಟಿ, ಕಿವಿ ಹಚ್ಚಿ ಕೇಳಿದರೆ ಸಾಕು.

ಒಮ್ಮೆ ಅಲ್ಲಿ ಕುರಿ ಕಾಯುವ ಹಿರಿಯರೊಬ್ಬರು ನಮ್ಮ ಗುಂಪನ್ನು ತಡೆದು ಕೇಳಿದರು: “ನೀರು ಎಷ್ಟು ತಂದೀರಿ? ಹತ್ತು ಹೊಡದ ಮ್ಯಾಲೆ ಈ ಕಲ್ಲು ಕಾಯ್ತಾವ್ರಿ, ಲಗೂನ ಇಳದುಬಿಡ್ರಿ.” ಗುಡ್ಡದ ಬಗ್ಗೆ ನನಗೆ ಸಿಕ್ಕ ಸಲಹೆಗಳಲ್ಲಿ ಇದೇ ಎಲ್ಲಕ್ಕಿಂತ ಉಪಯೋಗದ್ದು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಬಂಡೆ ಹೀರಿಕೊಂಡ ಕಾವು ಸಂಜೆಯಾದರೂ ಇಳಿಯುವುದಿಲ್ಲ. ನವೆಂಬರಿನಿಂದ ಫೆಬ್ರವರಿ ನಡುವೆ, ಸೂರ್ಯ ಹುಟ್ಟುವ ಹೊತ್ತಿಗೆ ಹೊರಡಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಕಡ್ಡಾಯ. ಈ ಗುಡ್ಡಗಳಲ್ಲಿ ಕರಡಿ, ಚಿರತೆಗಳೂ ಇವೆ. 2020ರಲ್ಲಿ ಆನೆಗೊಂದಿ ಭಾಗದಲ್ಲಿ ಚಿರತೆ ದಾಳಿಯಿಂದ ಜೀವಹಾನಿ ಆಗಿತ್ತು. ಮಸುಕಿನಲ್ಲಿ, ಒಬ್ಬಂಟಿಯಾಗಿ ಗುಡ್ಡ ಸೇರುವುದು ಬೇಡ.

ಸೈಕಲ್ಲಿನ ಮಾತಿಗೆ ಬಂದರೆ ಗಂಗಾವತಿಯಿಂದ ಆನೆಗೊಂದಿಗೆ, ಅಲ್ಲಿಂದ ಅಂಜನಾದ್ರಿ ದಾಟಿ ಸಾಣಾಪುರಕ್ಕೆ ಹೋಗುವ ಹಾದಿಗೆ ಸಮನಾದದ್ದನ್ನು ಉತ್ತರ ಕರ್ನಾಟಕದಲ್ಲಿ ನಾನು ಕಂಡಿಲ್ಲ. ಒಂದು ಬದಿ ಭತ್ತದ ಗದ್ದೆ, ಬಾಳೆತೋಟ. ಇನ್ನೊಂದು ಬದಿ ಕಲ್ಲುಗುಡ್ಡ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಲ್ಲಿ ಈಗಲೂ ನೀರು ಹರಿಸುತ್ತಿವೆ. ದೊಡ್ಡ ಏರಿಳಿತಗಳಿಲ್ಲ, ಹೈಸ್ಕೂಲು ಮಕ್ಕಳೂ ನಿಧಾನಕ್ಕೆ ತುಳಿಯಬಹುದು. ದಣಿದರೆ ಪಂಪಾ ಸರೋವರದ ಹತ್ತಿರ ನೆರಳಿದೆ. ಗಟ್ಟಿ ಕಾಲಿನವರು ಸೈಕಲ್ ನಿಲ್ಲಿಸಿ ಅಂಜನಾದ್ರಿಯ 575 ಮೆಟ್ಟಿಲು ಏರುತ್ತಾರೆ. ಹನುಮ ಹುಟ್ಟಿದ ಬೆಟ್ಟವೆಂದು ನಂಬಿ ಬರುವ ಭಕ್ತರ ಜೊತೆ ಹೆಜ್ಜೆ ಹಾಕುತ್ತ ಮೇಲೆ ಹೋದರೆ ತುಂಗಭದ್ರೆ ಬಳಸಿ ಹರಿಯುವುದು, ಆಚೆ ದಡದ ಹಂಪಿ ಎಲ್ಲ ಒಂದೇ ನೋಟಕ್ಕೆ ಸಿಗುತ್ತದೆ. ಮಾರ್ಗಶಿರದ ಹನುಮಮಾಲೆ ವಿಸರ್ಜನೆಯ ದಿನಗಳಲ್ಲಿ ಮಾತ್ರ ಸೈಕಲ್ ಸವಾರರು ಈ ಹಾದಿ ತಪ್ಪಿಸುವುದು ಲೇಸು, ಅಂದು ರಸ್ತೆ ಮಾಲಾಧಾರಿಗಳದು.

ಇದೇ ಬಂಡೆಗಳನ್ನು ಹುಡುಕಿಕೊಂಡು ಹೊರದೇಶದವರು ಬೆನ್ನಿಗೆ ದಪ್ಪ ಹಾಸಿಗೆ ಕಟ್ಟಿಕೊಂಡು ಬರುವುದನ್ನು ಸಾಣಾಪುರದ ಜನ ವರ್ಷಗಳಿಂದ ನೋಡುತ್ತಿದ್ದಾರೆ. ಹಗ್ಗವಿಲ್ಲದೆ ಗುಂಡು ಹತ್ತುವ ಆಟ ಅವರದು, ಬಿದ್ದರೆ ಆ ಹಾಸಿಗೆಯೇ ಆಸರೆ. ಅಮೆರಿಕದ ಹೆಸರಾಂತ ಆರೋಹಿ ಕ್ರಿಸ್ ಶರ್ಮಾ ಇಲ್ಲಿನ ಬಂಡೆ ಏರಿದ ‘ಪಿಲ್‌ಗ್ರಿಮೇಜ್’ ಎಂಬ ಚಿತ್ರ 2003ರಲ್ಲಿ ಬಂದ ಮೇಲೆ ಹಂಪಿ-ಆನೆಗೊಂದಿಯ ಹೆಸರು ಜಗತ್ತಿನ ಆರೋಹಿಗಳ ಬಾಯಲ್ಲಿ ನಿಂತಿತು. ಗಂಗಾವತಿಯ ನಮ್ಮ ಮಕ್ಕಳಿಗೆ ಈ ಆಟ ಕಲಿಸುವ ವ್ಯವಸ್ಥೆ ಶಾಲೆಗಳಲ್ಲಿ ಏಕಿರಬಾರದು? ಮೈದಾನವಂತೂ ಊರ ಬಾಗಿಲಲ್ಲೇ ಇದೆ.

ಎಡದಂಡೆ ಕಾಲುವೆಯ ನೀರು ತುಂಬಿ ನಿಲ್ಲುವ ಸಾಣಾಪುರ ಕೆರೆಯಲ್ಲಿ ಹರಿಗೋಲು ತಿರುಗಿಸುವಾಗ ಮಕ್ಕಳು ಕೇಕೆ ಹಾಕುವುದು ದಡಕ್ಕೆ ಕೇಳುತ್ತದೆ. ನೀರಿನ ವಿಷಯದಲ್ಲಿ ನಾನು ಬಿಗಿ. ಜೀವರಕ್ಷಕ ಅಂಗಿ ಇಲ್ಲದೆ ಹರಿಗೋಲು ಹತ್ತಬಾರದು, ಬಂಡೆಯಿಂದ ನದಿಗೆ ಜಿಗಿಯಬಾರದು. 2025ರ ಫೆಬ್ರವರಿಯಲ್ಲಿ ಪ್ರವಾಸಕ್ಕೆ ಬಂದ ಯುವ ವೈದ್ಯೆಯೊಬ್ಬರು ಹೀಗೆ ಜಿಗಿದು ತುಂಗಭದ್ರೆಯ ಸೆಳವಿಗೆ ಸಿಕ್ಕಿ ತೀರಿಕೊಂಡರು. ಮರುತಿಂಗಳೇ ಸಾಣಾಪುರದ ಕಾಲುವೆಯ ದಂಡೆಯಲ್ಲಿ ರಾತ್ರಿ ನಕ್ಷತ್ರ ನೋಡುತ್ತ ಕುಳಿತವರ ಮೇಲೆ ನಡೆದ ಹೀನ ದಾಳಿ ಇಡೀ ಜಿಲ್ಲೆಯ ತಲೆ ತಗ್ಗಿಸಿತು. ಹೆಣ್ಣುಮಕ್ಕಳ ಮೇಲೆ ಅತ್ಯಾಚಾರ, ಜೊತೆಗಿದ್ದ ಒಬ್ಬ ಯುವಕನ ಸಾವು. ಉದ್ಯಾನ ಎಂದು ಕರೆಯುವ ಜಾಗದಲ್ಲಿ ಹೆಣ್ಣುಮಗಳು ಯಾವ ಹೊತ್ತಿನಲ್ಲಾದರೂ ನಿರ್ಭಯವಾಗಿ ಕೂರುವಂತಿರಬೇಕು. ದೀಪ, ಗಸ್ತು, ಕರೆದರೆ ಬರುವ ಸಿಬ್ಬಂದಿ ಇಲ್ಲದೆ ಪ್ರವಾಸೋದ್ಯಮದ ಯಾವ ಮಾತಿಗೂ ಬೆಲೆಯಿಲ್ಲ.

ಈ ನದಿಯಲ್ಲಿ ನಮಗಿಂತ ಮೊದಲಿನ ನಿವಾಸಿಗಳಿದ್ದಾರೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಗುಡ್ಡಗಳಲ್ಲಿ, ದಕ್ಷಿಣ ಭಾರತದ ಕಲ್ಲುಬೆಟ್ಟಗಳಲ್ಲಿ ಮಾತ್ರ ಬದುಕುವ ಹಳದಿ ಕತ್ತಿನ ಪಿಕಳಾರವಿದೆ. ಗಂಗಾವತಿ ತಾಲ್ಲೂಕಿನ ಬಂಕಾಪುರದ 332 ಹೆಕ್ಟೇರ್ ಕುರುಚಲು ಕಾಡು ತೋಳಗಳ ಧಾಮವಾಗಿದೆ. ಅಲ್ಲಿಗೆ ನಾವು ಬುತ್ತಿ ಹಿಡಿದು ಹೋಗುವುದು ಬೇಡ, ಅದು ತೋಳಗಳಿಗೇ ಇರಲಿ.

ಕುಷ್ಟಗಿ, ಯಲಬುರ್ಗಾ ಕಡೆಯವರು ತಮ್ಮಲ್ಲಿ ಏನಿದೆ ಎಂದು ಕೇಳಬಹುದು. ಕಬ್ಬರಗಿಯ ಕಪಿಲತೀರ್ಥದಲ್ಲಿ ಮಳೆ ಹಿಡಿದ ದಿನಗಳಲ್ಲಿ ನೀರು ಧುಮುಕುತ್ತದೆ. ಕುಷ್ಟಗಿ ಬಳಿಯ ನಿಡಶೇಸಿ ಕೆರೆಯ ಹೂಳನ್ನು 2019ರಲ್ಲಿ ಜನ ತಮ್ಮ ದುಡಿಮೆ, ದೇಣಿಗೆ ಹಾಕಿ ಎತ್ತಿದರು. ಕೊಪ್ಪಳದ ಹಿರೇಹಳ್ಳವನ್ನು ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಸ್ವಚ್ಛಗೊಳಿಸಿದ್ದೂ ಅದೇ ವರ್ಷ. ಯಲಬುರ್ಗಾ ಸೀಮೆಯ ಎರೆಭೂಮಿ ಸಪಾಟು, ಸೈಕಲ್ಲಿಗೆ ಹೇಳಿ ಮಾಡಿಸಿದ್ದು. 2025ರ ಮೇ ತಿಂಗಳಿಂದ ಹುಬ್ಬಳ್ಳಿಯ ರೈಲು ಕುಕನೂರು, ಯಲಬುರ್ಗಾ ಮೂಲಕ ಕುಷ್ಟಗಿಗೆ ಬರುತ್ತಿದೆ. ಕುಕನೂರಿನಲ್ಲಿ ಇಳಿದು ನವಲಿಂಗ ಗುಡಿ ನೋಡಿ, ಏಳು ಕಿ.ಮೀ. ಸೈಕಲ್ ತುಳಿದರೆ ಇಟಗಿ. ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹದೇವ 1112ರಲ್ಲಿ ಕಟ್ಟಿಸಿದ, ದೇವಾಲಯಗಳ ಚಕ್ರವರ್ತಿ ಎನಿಸಿಕೊಂಡ ಗುಡಿ. ಹಿಂಗಾರಿನ ಜೋಳ ತೆನೆ ಹಿಡಿದ ಕಾಲದಲ್ಲಿ ಆ ಹಾದಿಯ ಗಾಳಿಯೇ ಬೇರೆ.

ಮನೆಮಂದಿ ಸೇರಿ ಬಯಲಿಗೆ ಹೋಗುವುದು ನಮಗೆ ಹೊಸ ಚಾಳಿಯೇನಲ್ಲ. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತೇವೆ. ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಮಾದಲಿ ಕಟ್ಟಿಕೊಂಡು ತುಂಗಭದ್ರೆಗೆ ಇಳಿದು, ಸ್ನಾನ ಮಾಡಿ, ದಡದ ಬಂಡೆಯ ಮೇಲೆ ಸಾಲಾಗಿ ಕುಳಿತು ಉಣ್ಣುತ್ತೇವೆ. ಪಕ್ಕದ ಮನೆಯವರ ಬುತ್ತಿ ನಮ್ಮ ತಾಟಿಗೆ, ನಮ್ಮದು ಅವರ ತಾಟಿಗೆ. ಈ ರೂಢಿ ಹಬ್ಬಕ್ಕಷ್ಟೇ ಉಳಿದುಕೊಂಡು ವಾರದ ರಜೆ ಟಿವಿ, ಮೊಬೈಲಿನ ಪಾಲಾಯಿತು. ಬುತ್ತಿ ಕಟ್ಟುವ ಕೈ ಮಾತ್ರ ಇನ್ನೂ ಮರೆತಿಲ್ಲ.

ಗುಡ್ಡವನ್ನು ಉದ್ಯಾನ ಮಾಡಿ ಎಂದಾಗ ಕೆಲವರ ಕಣ್ಣಿಗೆ ಕಮಾನು, ಕಾರಂಜಿ, ಸಿಮೆಂಟಿನ ಜಿಂಕೆ ಬರುತ್ತವೆ. ನಾನು ಕೇಳುತ್ತಿರುವುದು ಅದಲ್ಲ. 2021ರಲ್ಲಿ ಬೆಂಗಳೂರಿನ ತುರಹಳ್ಳಿ ಕಾಡನ್ನು ವೃಕ್ಷೋದ್ಯಾನ ಮಾಡಲು ಹೊರಟಾಗ ಸುತ್ತಲಿನ ಜನರೇ ಅಡ್ಡ ನಿಂತು, ಕಾಡು ಕಾಡಾಗಿಯೇ ಇರಲಿ ಎಂದರು. ಆನೆಗೊಂದಿಯ ಪಕ್ಕದ ವಿರೂಪಾಪುರ ಗಡ್ಡೆಯಲ್ಲಿ ನಿಯಮ ಮೀರಿ ಎದ್ದ ರೆಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ಆದೇಶದ ಮೇರೆಗೆ 2020ರಲ್ಲಿ ಕೆಡವಬೇಕಾಯಿತು. ಆ ಎರಡೂ ಪಾಠ ನಮ್ಮ ಮುಂದಿವೆ. ಪಾಲ್ಕಿಗುಂಡಿಗೂ ಹಿರೇಬೆಣಕಲ್ಲಿಗೂ ಬೇಕಾದದ್ದು ಕನ್ನಡದಲ್ಲಿ ಬರೆದ ದಾರಿಫಲಕ, ಗುಡ್ಡದ ಬುಡದಲ್ಲಿ ಕುಡಿಯುವ ನೀರು, ಹೆಣ್ಣುಮಕ್ಕಳು ಬಳಸುವಂಥ ಶುಚಿಯಾದ ಶೌಚಾಲಯ, ಬೇವು-ಹುಣಸೆಯ ನೆರಳು, ಒಬ್ಬ ಕಾವಲುಗಾರ.

ಇದು ಬರೀ ವಿಹಾರದ ಮಾತಲ್ಲ. 2025ರ ಫೆಬ್ರವರಿ 24ರಂದು ಕೊಪ್ಪಳದ ಜನ, ಊರಿಗೆ ಅಂಟಿಕೊಂಡು ಉಕ್ಕಿನ ಕಾರ್ಖಾನೆ ಬೆಳೆಯುವುದು ಬೇಡವೆಂದು ಅಂಗಡಿ ಮುಚ್ಚಿ, ಗವಿಮಠದ ಶ್ರೀಗಳ ಜೊತೆ ಬೀದಿಗಿಳಿದರು. ಅವರು ಕೇಳಿದ್ದು ಉಸಿರಾಡುವ ಗಾಳಿಯನ್ನು. ಬೆಳಿಗ್ಗೆ ಎದ್ದು ಗುಡ್ಡ ಏರುವವರ ಸಂಖ್ಯೆ ಹೆಚ್ಚಿದಷ್ಟೂ ಆ ಗಾಳಿಗೆ ಕಾವಲುಗಾರರು ಹೆಚ್ಚುತ್ತಾರೆ.

ಕೊನೆಗೆ ಜಿಲ್ಲಾಡಳಿತಕ್ಕೆ ಒಂದು ಕೇಳಿಕೆ. ಭಾನುವಾರಗಳಂದು ಕಬ್ಬನ್ ಪಾರ್ಕಿನೊಳಗೆ ವಾಹನ ಬಿಡುವುದಿಲ್ಲ, ರಸ್ತೆ ಮಕ್ಕಳದೂ ಸೈಕಲ್ಲುಗಳದೂ ಆಗುತ್ತದೆ. ಅದೇ ರೀತಿ ನವೆಂಬರಿನಿಂದ ಫೆಬ್ರವರಿವರೆಗೆ ಪ್ರತಿ ಭಾನುವಾರ ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಆನೆಗೊಂದಿ-ಸಾಣಾಪುರ ರಸ್ತೆಯಲ್ಲಿ ಊರಿನವರ ಗಾಡಿ, ಭಕ್ತರ ಬಸ್ಸು ಮತ್ತು ಆಂಬುಲೆನ್ಸ್ ಬಿಟ್ಟು ಉಳಿದ ವಾಹನಗಳನ್ನು ನಿಲ್ಲಿಸಿ. ಅದಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ, ಎರಡು ತುದಿಗೆ ನಾಲ್ಕು ಜನ ಪೊಲೀಸರು ಸಾಕು. ಓದುಗರೇ, ಅಲ್ಲಿಯವರೆಗೂ ಕಾಯಬೇಡಿ. ಬರುವ ಭಾನುವಾರ ರೊಟ್ಟಿ, ಶೇಂಗಾ ಚಟ್ನಿ, ಸಾಕಷ್ಟು ನೀರು ಕಟ್ಟಿಕೊಂಡು, ಕಸ ತರಲು ಒಂದು ಚೀಲವನ್ನೂ ಹಿಡಿದುಕೊಂಡು ನಿಮ್ಮೂರಿನ ಗುಡ್ಡಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ.